ಎಳ್ಳಿನಷ್ಟು ಊತಕದ ಸಾಕ್ಷ್ಯ

ನನ್ನ ತರಗತಿಯಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಕೊರಳಿನ ಎಡಭಾಗದಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಮೊದಲು ಅದು ಕಡಲೆಕಾಳಿನಷ್ಟಿದ್ದಿತು. ಎರಡು ತಿಂಗಳಲ್ಲಿ ನೆಲ್ಲಿಕಾಯಿಯ ಗಾತ್ರಕ್ಕೆ ಬೆಳೆಯಿತು. ನೋವಿರಲಿಲ್ಲ. ಸಂಜೆಯ ಹೊತ್ತು ಸಣ್ಣಗೆ ಜ್ವರ ಬರುತ್ತಿದ್ದಿತು, ಮೈತೂಕವೂ ಇಳಿದಿದ್ದಿತು. ಪರೀಕ್ಷಿಸಿದ ವೈದ್ಯರು ಗಂಟಿನಿಂದ ಒಂದು ಚೂರನ್ನು ತೆಗೆದು ನೋಡಬೇಕೆಂದರು. ಮನೆಯ ಹಿರಿಯರು ಒಪ್ಪಲಿಲ್ಲ. ಗಂಟಿಗೆ ಚಾಕು ತಾಕಿದರೆ ಅದು ಕೆರಳುತ್ತದೆ ಎಂಬುದು ಅವರ ಭಯ. ಐದಾರು ವಾರಗಳು ಹೀಗೆಯೇ ಕಳೆದವು. ಹುಡುಗನು ಒಂದು ದಿನ ನನ್ನ ಬಳಿಗೆ ಬಂದು, "ಇಷ್ಟೊಂದು ಯಂತ್ರಗಳಿರುವ ಕಾಲದಲ್ಲಿ ಮೈಯನ್ನು ಕೊಯ್ಯದೆ ರೋಗದ ಹೆಸರನ್ನು ಹೇಳಲಾರರೆ?" ಎಂದು ಕೇಳಿದನು.

ನಾನು ವೈದ್ಯನಲ್ಲ, ಭೌತಶಾಸ್ತ್ರವನ್ನು ಬೋಧಿಸುವವನು. ಆದರೆ ಅವನ ಪ್ರಶ್ನೆ ಒಂದು ಬಗೆಯಲ್ಲಿ ಅಳತೆಯ ಪ್ರಶ್ನೆಯೇ ಆಗಿದ್ದಿತು. ಒಂದು ಉಪಕರಣವು ಏನನ್ನು ತಿಳಿಸಬಲ್ಲುದು, ಏನನ್ನು ತಿಳಿಸಲಾರದು, ಒಂದು ಸಾಕ್ಷ್ಯವು ಸಾಲದೆ ಬಂದಾಗ ಇನ್ನೊಂದನ್ನು ಎಲ್ಲಿ ಹುಡುಕಬೇಕು ಎಂಬುದು ನಮ್ಮ ಪ್ರಯೋಗಶಾಲೆಯಲ್ಲಿ ಪ್ರತಿದಿನವೂ ಏಳುವ ಮಾತಲ್ಲವೆ? ಅವನಿಗೆ ಅಂದು ಹೇಳಿದುದನ್ನೂ, ಅಂದು ಹೇಳಲು ಸಮಯವಿಲ್ಲದೆ ಉಳಿದುದನ್ನೂ ಇಲ್ಲಿ ಕ್ರಮವಾಗಿ ವಿವರಿಸುತ್ತೇನೆ.

ಬೆರಳು ಮತ್ತು ಕಿವಿ

ರೋಗಿಯ ಹಾಸಿಗೆಯ ಪಕ್ಕದಲ್ಲಿ ವೈದ್ಯನು ಮಾಡುವ ಪರೀಕ್ಷೆ ನಾಲ್ಕು ಬಗೆಯದು: ನೋಡುವುದು, ಮುಟ್ಟುವುದು, ತಟ್ಟುವುದು, ಕೇಳುವುದು. ಇವುಗಳಲ್ಲಿ ಕೊನೆಯ ಎರಡೂ ಧ್ವನಿವಿಜ್ಞಾನದ ಪ್ರಯೋಗಗಳೇ ಆಗಿವೆ. ೧೭೬೧ರಲ್ಲಿ ವಿಯೆನ್ನಾ ನಗರದ ವೈದ್ಯ ಔಎನ್‌ಬ್ರುಗ್ಗರ್ ಎಂಬಾತನು ಎದೆಯ ಮೇಲೆ ಬೆರಳಿನಿಂದ ತಟ್ಟಿ, ಹೊರಡುವ ಸದ್ದಿನಿಂದ ಒಳಗಿನ ಸ್ಥಿತಿಯನ್ನು ಊಹಿಸುವ ಕ್ರಮವನ್ನು ಪ್ರಕಟಿಸಿದನು. ಆತನ ತಂದೆ ಗ್ರಾಟ್ಸ್ ಪಟ್ಟಣದಲ್ಲಿ ವಸತಿಗೃಹವನ್ನು ನಡೆಸುತ್ತಿದ್ದನು. ಪೀಪಾಯಿಯನ್ನು ತಟ್ಟಿ ಅದರಲ್ಲಿ ದ್ರಾಕ್ಷಾಮದ್ಯ ಎಷ್ಟು ಉಳಿದಿದೆಯೆಂದು ತಿಳಿಯುವುದನ್ನು ಮಗನು ಅಲ್ಲಿಯೇ ಕಲಿತನೆಂದು ಹೇಳುವುದುಂಟು. ನಮ್ಮ ಹೆಂಗಸರು ಕೊಡವನ್ನೂ ತೆಂಗಿನಕಾಯನ್ನೂ ತಟ್ಟಿ ನೋಡುವುದರಲ್ಲಿರುವ ತತ್ತ್ವವೂ ಇದೇ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಸದ್ದು ಟೊಳ್ಳಾಗಿ ಅನುರಣಿಸುತ್ತದೆ. ಅಲ್ಲಿ ನೀರು ಸೇರಿದ್ದರೆ ಅಥವಾ ಶ್ವಾಸಕೋಶವು ಗಟ್ಟಿಯಾಗಿದ್ದರೆ ಸದ್ದು ಮಂದವಾಗುತ್ತದೆ.

ಮಂದವಾದ ಸದ್ದು ಕೇಳಿತೆನ್ನೋಣ. ನೀರೋ, ಗಟ್ಟಿಯಾದ ಶ್ವಾಸಕೋಶವೋ? ತಟ್ಟುವಿಕೆಯೊಂದರಿಂದಲೇ ಇದನ್ನು ನಿರ್ಣಯಿಸಲಾಗದು. ೧೮೧೬ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನು ಹೃದ್ರೋಗವಿದ್ದ ತರುಣಿಯೊಬ್ಬಳ ಎದೆಗೆ ಕಿವಿಯಿಟ್ಟು ಕೇಳಲು ಸಂಕೋಚಪಟ್ಟು, ಕಾಗದದ ಹಾಳೆಗಳನ್ನು ಕೊಳವೆಯಂತೆ ಸುತ್ತಿ ಅದರ ಮೂಲಕ ಆಲಿಸಿದನು. ಇಂದು ವೈದ್ಯರ ಕೊರಳಿನಲ್ಲಿ ಕಾಣುವ ಸ್ಟೆತೊಸ್ಕೋಪಿನ ಮೊದಲ ರೂಪ ಅದು. ನ್ಯುಮೋನಿಯಾದಿಂದ ಗಟ್ಟಿಯಾದ ಶ್ವಾಸಕೋಶವು ಉಸಿರಿನ ಸದ್ದನ್ನು ಎದೆಯ ಗೋಡೆಗೆ ಚೆನ್ನಾಗಿ ಸಾಗಿಸುತ್ತದೆ. ಆದುದರಿಂದ ಸದ್ದು ಒರಟಾಗಿಯೂ ಜೋರಾಗಿಯೂ ಕೇಳುತ್ತದೆ. ಶ್ವಾಸಕೋಶಕ್ಕೂ ಎದೆಯ ಗೋಡೆಗೂ ನಡುವೆ ನೀರು ನಿಂತಿದ್ದರೆ, ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ದಾಟುವ ಎಡೆಯಲ್ಲಿ ಶಬ್ದದ ಅಲೆಗಳು ಬಹುಮಟ್ಟಿಗೆ ಪ್ರತಿಫಲಿಸಿ ಹಿಂದಿರುಗುತ್ತವೆ, ಸದ್ದು ಕ್ಷೀಣವಾಗುತ್ತದೆ. ಹೀಗೆ ಎರಡು ಸಾಕ್ಷ್ಯಗಳನ್ನು ಕೂಡಿಸಿದಾಗ, ಒಂದೊಂದೇ ಹೇಳಲಾರದುದು ಹೊರಬರುತ್ತದೆ. ಓದುಗರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ಈ ಲೇಖನದ ತಿರುಳು ಇದೇ.

ಲಕ್ಷಣದಿಂದ ಸ್ಥಾನಕ್ಕೆ

ಆದರೆ ಇಂತಹ ಸದ್ದಿಗೆ ಇಂತಹ ಅರ್ಥವೆಂದು ವೈದ್ಯರಿಗೆ ತಿಳಿದುದು ಹೇಗೆ? ಜೀವವಿದ್ದಾಗ ಕಂಡ ಲಕ್ಷಣಗಳನ್ನು, ಮರಣಾನಂತರ ಶರೀರವನ್ನು ತೆರೆದು ನೋಡಿದ ಸ್ಥಿತಿಯೊಡನೆ ಹೋಲಿಸಿದುದರಿಂದ. ಔಎನ್‌ಬ್ರುಗ್ಗರನ ಪುಸ್ತಕ ಹೊರಬಂದ ೧೭೬೧ನೆಯ ವರ್ಷದಲ್ಲಿಯೇ ಇಟಲಿಯ ಪಾಡುವಾ ನಗರದಲ್ಲಿದ್ದ ಮೋರ್ಗಾನಿ, ತನ್ನ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ಸುಮಾರು ೭೦೦ ಶವಪರೀಕ್ಷೆಗಳ ವಿವರಗಳಿದ್ದ ಮಹಾಗ್ರಂಥವನ್ನು ಪ್ರಕಟಿಸಿದನು. ರೋಗವು ಶರೀರದ ರಸಗಳ ಏರುಪೇರು ಮಾತ್ರವಲ್ಲ, ಅದಕ್ಕೊಂದು ಸ್ಥಾನವಿದೆ, ಆ ಸ್ಥಾನವು ಯಾವುದೋ ಒಂದು ಅವಯವದಲ್ಲಿದೆ ಎಂಬುದನ್ನು ಆತನು ತೋರಿಸಿಕೊಟ್ಟನು.

ಅವಯವದಿಂದ ಇನ್ನೂ ಒಳಕ್ಕೆ ಹೋದವನು ಫ್ರಾನ್ಸಿನ ಬಿಷಾ. ಹೃದಯ, ಜಠರ, ಶ್ವಾಸಕೋಶಗಳು ಬೇರೆ ಬೇರೆಯಾಗಿ ತೋರಿದರೂ ಅವೆಲ್ಲವೂ ಕೆಲವೇ ಬಗೆಯ ನೆಯ್ಗೆಗಳಿಂದಾದವು ಎಂದು ಆತನು ಸಾರಿದನು. ಈ ನೆಯ್ಗೆಗಳನ್ನೇ ನಾವು ಊತಕ ಅಥವಾ ಅಂಗಾಂಶ ಎನ್ನುತ್ತೇವೆ. ಸೂಕ್ಷ್ಮದರ್ಶಕವನ್ನು ನಂಬದೆ, ಬರಿಗಣ್ಣಿನಿಂದಲೇ ೨೧ ಬಗೆಯ ಊತಕಗಳನ್ನು ಎಣಿಸಿದ ಬಿಷಾ ೧೮೦೨ರಲ್ಲಿ ಮೂವತ್ತರ ವಯಸ್ಸಿನಲ್ಲಿಯೇ ತೀರಿಕೊಂಡನು. ಸೂಕ್ಷ್ಮದರ್ಶಕದಿಂದ ಮುಂದಿನ ಹೆಜ್ಜೆಯನ್ನಿಟ್ಟವನು ಬರ್ಲಿನ್ನಿನ ರುಡಾಲ್ಫ್ ವಿರ್ಕೊ. ರೋಗದ ನೆಲೆ ಜೀವಕೋಶದಲ್ಲಿಯೇ ಇದೆ ಎಂಬ ಆತನ ಉಪನ್ಯಾಸಗಳು ೧೮೫೮ರಲ್ಲಿ ಅಚ್ಚಾದವು. ಒಂದು ನೂರು ವರ್ಷಗಳೊಳಗೆ ರೋಗದ ವಿಳಾಸವು ಅವಯವದಿಂದ ಊತಕಕ್ಕೂ, ಊತಕದಿಂದ ಕೋಶಕ್ಕೂ ಇಳಿದುಬಂದಿತು. ಬದುಕಿರುವವನ ಮೈಯಿಂದಲೇ ಚೂರನ್ನು ತೆಗೆದು ನೋಡುವ ಕ್ರಮಕ್ಕೆ ಬಯಾಪ್ಸಿ ಎಂಬ ಹೆಸರನ್ನು ೧೮೭೯ರಲ್ಲಿ ಕೊಟ್ಟವನು ಫ್ರಾನ್ಸಿನ ಚರ್ಮವೈದ್ಯ ಬೆನಿಯೆ.

ಚೂರಿನ ಪಯಣ

ತೆಗೆದ ಚೂರನ್ನು ನೇರವಾಗಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಏನೂ ಕಾಣದು. ಇದಕ್ಕೆ ಮೂರು ಅಡ್ಡಿಗಳಿವೆ. ಚೂರು ಕೊಳೆಯುತ್ತದೆ, ದಪ್ಪವಾಗಿರುವುದರಿಂದ ಬೆಳಕನ್ನು ಬಿಡುವುದಿಲ್ಲ, ತೆಳ್ಳಗೆ ಕೊಯ್ದರೂ ಗಾಜಿನಂತೆ ಬಣ್ಣವಿಲ್ಲದೆ ಇರುತ್ತದೆ. ಇವನ್ನು ಒಂದೊಂದಾಗಿ ನಿವಾರಿಸುವುದೇ ಊತಕ ಪರೀಕ್ಷೆಯ ಕುಶಲತೆ.

ಮೊದಲನೆಯ ಅಡ್ಡಿಗೆ ಫಾರ್ಮಲಿನ್ ದ್ರಾವಣವೇ ಮದ್ದು. ಫಾರ್ಮಾಲ್ಡಿಹೈಡ್ ಊತಕವನ್ನು ಗಡುಸಾಗಿಸುತ್ತದೆಂದು ೧೮೯೩ರಲ್ಲಿ ಜರ್ಮನಿಯ ಬ್ಲೂಮ್ ಕಂಡುಕೊಂಡನು. ಅದು ಪ್ರೋಟೀನುಗಳ ನಡುವೆ ಸೇತುವೆಗಳನ್ನು ಕಟ್ಟಿ, ಕೋಶದ ರಚನೆಯನ್ನು ಇದ್ದಂತೆಯೇ ನಿಲ್ಲಿಸುತ್ತದೆ. ಬಳಿಕ ಮದ್ಯಸಾರದಲ್ಲಿ ಅದ್ದಿ ನೀರನ್ನು ಹೊರತೆಗೆಯುತ್ತಾರೆ; ಜೈಲೀನಿನಿಂದ ಮದ್ಯಸಾರವನ್ನು ತೊಲಗಿಸುತ್ತಾರೆ; ಕರಗಿದ ಪ್ಯಾರಫಿನ್ ಮೇಣದಲ್ಲಿ ನೆನೆಯಿಸುತ್ತಾರೆ. ನೀರಿದ್ದ ಎಡೆಗಳಲ್ಲೆಲ್ಲ ಈಗ ಮೇಣವಿರುತ್ತದೆ. ಮೆತ್ತನೆಯ ಊತಕವು ಮೇಣದ ಅಚ್ಚಿನೊಳಗೆ ಗಟ್ಟಿಯಾಗಿ ಕುಳಿತು ಕೊಯ್ಯಲು ಸಿದ್ಧವಾಗುತ್ತದೆ.

ಕೊಯ್ಯುವ ಯಂತ್ರಕ್ಕೆ ಮೈಕ್ರೋಟೋಮು ಎಂದು ಹೆಸರು. ಅದು ೩ರಿಂದ ೫ ಮೈಕ್ರಾನು ದಪ್ಪದ ಹಾಳೆಗಳನ್ನು ಕತ್ತರಿಸಿ ಕೊಡುತ್ತದೆ. ಒಂದು ಮೈಕ್ರಾನು ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನೀವು ಓದುವ ಪುಸ್ತಕದ ಹಾಳೆ ಸುಮಾರು ೧೦೦ ಮೈಕ್ರಾನು ದಪ್ಪವಿರುವುದೆಂದರೆ, ಈ ಊತಕದ ಹಾಳೆ ಅದರ ಇಪ್ಪತ್ತರಲ್ಲೊಂದು ಪಾಲು ಮಾತ್ರ. ಕೋಶಗಳು ಒಂದರ ಮೇಲೊಂದು ಬಾರದೆ ಒಂದೇ ಪದರವಾಗಿ ಕಾಣಬೇಕಾದರೆ ಇಷ್ಟು ತೆಳುವಾಗಿರಲೇಬೇಕು.

ಇನ್ನುಳಿದುದು ಬಣ್ಣ. ಸೂಕ್ಷ್ಮದರ್ಶಕದ ಶಕ್ತಿಗೆ ಒಂದು ಮೇರೆಯಿದೆಯೆಂದು ೧೮೭೩ರಲ್ಲಿ ಅಬ್ಬೆ ತೋರಿಸಿದನು. ಬೆಳಕು ಅಲೆಯಾಗಿರುವುದರಿಂದ, ಎಷ್ಟು ಒಳ್ಳೆಯ ಮಸೂರವಿದ್ದರೂ ಸುಮಾರು ೦.೨ ಮೈಕ್ರಾನಿಗಿಂತ ಸಮೀಪವಿರುವ ಎರಡು ಬಿಂದುಗಳನ್ನು ಸಾಮಾನ್ಯ ಸೂಕ್ಷ್ಮದರ್ಶಕವು ಬಿಡಿಸಿ ತೋರಿಸಲಾರದು. ಆದರೆ ಕೋಶದ ಬೀಜಕೇಂದ್ರವು ೫ರಿಂದ ೧೦ ಮೈಕ್ರಾನು ಅಗಲವಿರುತ್ತದೆ. ಅದನ್ನು ಕಾಣಲು ಈ ಮೇರೆ ಅಡ್ಡಬರುವುದಿಲ್ಲ, ಅಡ್ಡಬರುವುದು ಪಾರದರ್ಶಕತೆ. ನೀರಿನಲ್ಲಿ ಮುಳುಗಿದ ಗಾಜಿನ ಚೂರು ಕಣ್ಣಿಗೆ ಬೀಳದಿರುವಂತೆ, ಕೋಶದ ಭಾಗಗಳ ವಕ್ರೀಭವನಾಂಕಗಳು ಹೆಚ್ಚುಕಡಿಮೆ ಸಮನಾಗಿರುವುದರಿಂದ ಬೆಳಕು ಯಾವುದನ್ನೂ ಲೆಕ್ಕಿಸದೆ ಹಾದುಹೋಗುತ್ತದೆ.

ಇಲ್ಲಿ ನೆರವಿಗೆ ಬಂದುದು ಬಟ್ಟೆಗೆ ಬಣ್ಣ ಹಾಕುವವರ ವಿದ್ಯೆ. ಮಧ್ಯ ಅಮೆರಿಕದ ಲಾಗ್‌ವುಡ್ ಎಂಬ ಮರದ ತಿರುಳಿನಿಂದ ಹೆಮಟಾಕ್ಸಿಲಿನ್ ಎಂಬ ಬಣ್ಣದ ಮೂಲವಸ್ತು ದೊರೆಯುತ್ತದೆ. ನಮ್ಮ ಬಣ್ಣಗಾರರು ಮಂಜಿಷ್ಠದ ಬಣ್ಣವು ನೂಲಿಗೆ ಕಚ್ಚಿಕೊಳ್ಳಲೆಂದು ಪಟಿಕವನ್ನು ಸೇರಿಸುವಂತೆಯೇ ಇದಕ್ಕೂ ಪಟಿಕದ ಲವಣವನ್ನು ಸೇರಿಸುತ್ತಾರೆ. ಆಗ ಅದು ಬೀಜಕೇಂದ್ರಗಳಿಗೆ ನೀಲಿಯಾಗಿ ಅಂಟಿಕೊಳ್ಳುತ್ತದೆ. ಇಯೋಸಿನ್ ಎಂಬ ಎರಡನೆಯ ಬಣ್ಣವು ಕೋಶದ ಉಳಿದ ಭಾಗಕ್ಕೆ ಗುಲಾಬಿ ಛಾಯೆಯನ್ನು ಕೊಡುತ್ತದೆ. ನೂರು ವರ್ಷಗಳಿಗೂ ಹೆಚ್ಚಿನ ಕಾಲದಿಂದ ಈ ನೀಲಿ ಗುಲಾಬಿಗಳ ಜೋಡಿಯೇ ಜಗತ್ತಿನ ಆಸ್ಪತ್ರೆಗಳಲ್ಲಿ ಊತಕ ಪರೀಕ್ಷೆಯ ಮೊದಲ ಮೆಟ್ಟಿಲಾಗಿ ಉಳಿದುಬಂದಿದೆ.

ಈ ಪಯಣಕ್ಕೆ ಸಾಮಾನ್ಯವಾಗಿ ಒಂದೆರಡು ದಿನಗಳಾದರೂ ಬೇಕು. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ರೋಗಿ ಮಲಗಿರುವಾಗಲೇ ಉತ್ತರ ಬೇಕಾದರೆ ಮೇಣಕ್ಕೆ ಬದಲಾಗಿ ಚಳಿಯನ್ನು ಬಳಸುತ್ತಾರೆ. ೧೯೦೫ರಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದ ವಿಲ್ಸನ್ ಎಂಬಾತನು ಚೂರನ್ನು ಹೆಪ್ಪುಗಟ್ಟಿಸಿ, ಕೊಯ್ದು, ಮೆಥಿಲೀನ್ ನೀಲಿಯಿಂದ ಬಣ್ಣ ಹಾಕಿ, ಕೆಲವೇ ನಿಮಿಷಗಳಲ್ಲಿ ತೀರ್ಪು ಕೊಡುವ ವಿಧಾನವನ್ನು ರೂಢಿಗೆ ತಂದನು. ಊತಕದೊಳಗಿನ ನೀರೇ ಮಂಜುಗಡ್ಡೆಯಾಗಿ ಮೇಣದ ಕೆಲಸವನ್ನು ಮಾಡುತ್ತದೆ. ಆದರೆ ಮಂಜಿನ ಹರಳುಗಳು ಕೋಶಗಳನ್ನು ಒಡೆಯುವುದರಿಂದ ಚಿತ್ರವು ಮೇಣದಷ್ಟು ಸ್ಪಷ್ಟವಾಗಿರುವುದಿಲ್ಲ.

ಕೊರಳಿನ ಗಂಟು ಏನು ಹೇಳುತ್ತದೆ?

ಈಗ ನಮ್ಮ ವಿದ್ಯಾರ್ಥಿಯ ಗಂಟಿಗೆ ಬರೋಣ. ಕೊರಳಿನ ದುಗ್ಧಗ್ರಂಥಿಗಳು ಹಲವು ಕಾರಣಗಳಿಂದ ಊದಿಕೊಳ್ಳುತ್ತವೆ. ನಮ್ಮ ದೇಶದಲ್ಲಿ ಮುಖ್ಯವಾದ ಒಂದು ಕಾರಣ ಕ್ಷಯ. ಹಿಂದಿನವರು ಗಂಡಮಾಲೆ ಎನ್ನುತ್ತಿದ್ದುದು ಬಹುಮಟ್ಟಿಗೆ ಇದನ್ನೇ. ಇನ್ನೊಂದು, ಆ ಗ್ರಂಥಿಗಳಲ್ಲಿಯೇ ಹುಟ್ಟುವ ಅರ್ಬುದ, ಎಂದರೆ ಕ್ಯಾನ್ಸರು. ಎರಡರಲ್ಲಿಯೂ ಸಂಜೆಯ ಜ್ವರವುಂಟು, ರಾತ್ರಿಯ ಬೆವರುಂಟು, ಮೈ ಸೊರಗುವುದುಂಟು. ಬೆರಳಿಗೂ ಕಿವಿಗೂ ಇವೆರಡು ಒಂದೇ ಆಗಿ ತೋರಬಹುದು. ಕ್ಷ-ಕಿರಣದ ಚಿತ್ರವಾಗಲಿ ಇತರ ಯಂತ್ರಗಳ ಚಿತ್ರವಾಗಲಿ ಗಂಟಿನ ಗಾತ್ರವನ್ನೂ ಆಕಾರವನ್ನೂ ತೋರಿಸುವುವು. ಅದು ಯಾವ ಕೋಶಗಳಿಂದಾಯಿತೆಂಬುದನ್ನು ಖಚಿತವಾಗಿ ಹೇಳಲಾರವು. ಚಿಕಿತ್ಸೆಗಳಾದರೋ ಪೂರ್ತಿ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ನಾಟದು. ತಪ್ಪು ಮದ್ದಿನಲ್ಲಿ ಕಳೆದ ತಿಂಗಳುಗಳು ಮರಳಿ ಬಾರವು.

ಈ ಗೊಂದಲವು ವಿಜ್ಞಾನಿಗಳನ್ನೂ ಕಾಡಿದ್ದಿತು. ಹಾಡ್ಜ್‌ಕಿನ್ ರೋಗವೆಂದು ಹೆಸರಾದ ಗ್ರಂಥಿಗಳ ಊತವನ್ನು ೧೮೯೮ರಲ್ಲಿ ವಿಯೆನ್ನಾದ ಸ್ಟೆರ್ನ್‌ಬೆರ್ಗ್ ಕ್ಷಯದ ಒಂದು ವಿಚಿತ್ರ ಬಗೆಯೆಂದೇ ಭಾವಿಸಿದ್ದನು. ೧೯೦೨ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿದ್ದ ಡೊರೊತಿ ರೀಡ್ ಎಂಬ ತರುಣಿಯು ಊತಕಗಳನ್ನು ಎಚ್ಚರಿಕೆಯಿಂದ ಪರೀಕ್ಷಿಸಿ, ಇದು ಕ್ಷಯವಲ್ಲ, ಬೇರೆಯೇ ರೋಗವೆಂದು ವಾದಿಸಿದಳು. ಈ ರೋಗದಲ್ಲಿ ಕಾಣುವ ದೊಡ್ಡ ಕೋಶದ ಎರಡು ಬೀಜಕೇಂದ್ರಗಳು ಗೂಬೆಯ ಕಣ್ಣುಗಳಂತೆ ನೋಡುವವನನ್ನೇ ದಿಟ್ಟಿಸುತ್ತವೆ. ಆ ಕೋಶಕ್ಕೆ ಇಂದಿಗೂ ಅವರಿಬ್ಬರ ಹೆಸರೇ ಉಳಿದಿದೆ.

ಕ್ಷಯದ ಚಿತ್ರ ಬೇರೆ. ಅಲ್ಲಿ ನಡುವೆ ಹಾಲುಗಿಣ್ಣಿನಂತೆ ಸತ್ತ ಊತಕ. ಅದರ ಸುತ್ತ ಮುತ್ತಿಗೆ ಹಾಕಿದ ಕಾವಲುಕೋಶಗಳು. ಅವುಗಳ ನಡುವೆ ಅನೇಕ ಬೀಜಕೇಂದ್ರಗಳನ್ನು ಕುದುರೆಲಾಳದಂತೆ ಜೋಡಿಸಿಕೊಂಡ ದೈತ್ಯಕೋಶಗಳು. ಝೀಲ್ ಮತ್ತು ನೀಲ್ಸನ್ ಎಂಬವರ ಹೆಸರಿನ ಬಣ್ಣವನ್ನು ಹಾಕಿದರೆ, ೧೮೮೨ರಲ್ಲಿ ರಾಬರ್ಟ್ ಕಾಖ್ ಲೋಕಕ್ಕೆ ಪರಿಚಯಿಸಿದ ಕ್ಷಯದ ಕ್ರಿಮಿಗಳು ಕೆಂಪು ಕಡ್ಡಿಗಳಾಗಿ ಕಾಣಬಹುದು. ಕ್ರಿಮಿಗಳು ವಿರಳವಾಗಿದ್ದಾಗ ಕಣ್ಣಿಗೆ ಬೀಳದೆ ಹೋಗುವುದೂ ಉಂಟು. ಅಂತಹ ಸಂದರ್ಭದಲ್ಲಿ ಆ ಕ್ರಿಮಿಯ ವಂಶವಾಹಿಯನ್ನೇ ಊತಕದಲ್ಲಿ ಹುಡುಕುವ ಪರೀಕ್ಷೆಗಳು ಈಗ ನೆರವಾಗುತ್ತಿವೆ.

ಒಬ್ಬ ಯುವರಾಜನ ಗಂಟಲು

ಹಾಗಾದರೆ ಸೂಕ್ಷ್ಮದರ್ಶಕದ ಮಾತೇ ಕೊನೆಯ ಮಾತೆ? ಅಲ್ಲ. ಇದಕ್ಕೆ ಇತಿಹಾಸದಲ್ಲಿ ಒಂದು ದಾರುಣವಾದ ನಿದರ್ಶನವಿದೆ.

೧೮೮೭ರ ಜನವರಿಯಲ್ಲಿ ಜರ್ಮನಿಯ ಯುವರಾಜ ಫ್ರೆಡರಿಕನ ಧ್ವನಿ ಒಡೆಯಿತು. ಎಡಗಡೆಯ ಧ್ವನಿತಂತುವಿನ ಮೇಲೆ ಒಂದು ಸಣ್ಣ ಬೆಳವಣಿಗೆ ಕಂಡುಬಂದಿತು. ಅದನ್ನು ಸುಟ್ಟರೂ ಮತ್ತೆ ಬೆಳೆಯಿತು. ಮೇ ತಿಂಗಳಲ್ಲಿ ಶಸ್ತ್ರವೈದ್ಯ ಬೆರ್ಗ್‌ಮಾನ್ ಮೊದಲಾದ ಜರ್ಮನ್ ವೈದ್ಯರು ಇದು ಅರ್ಬುದವೇ ಇರಬೇಕೆಂದು ಭಾವಿಸಿ, ಗಂಟಲನ್ನು ಹೊರಗಿನಿಂದ ತೆರೆದು ಅದನ್ನು ತೆಗೆಯಬೇಕೆಂದರು. ಅಷ್ಟರಲ್ಲಿ ಲಂಡನ್ನಿನಿಂದ ಗಂಟಲಿನ ತಜ್ಞ ಮೆಕೆಂಜಿಯನ್ನು ಕರೆಸಲಾಯಿತು. ಮೊದಲು ಊತಕವನ್ನು ಪರೀಕ್ಷಿಸಬೇಕು, ಬಳಿಕ ಮುಂದಿನ ಮಾತು ಎಂದು ಆತನು ಪಟ್ಟುಹಿಡಿದನು. ಬಾಯಿಯ ಮೂಲಕ ಚಿಮುಟವನ್ನು ಇಳಿಸಿ ಒಂದು ಚೂರನ್ನು ಕಿತ್ತನು. ಅದನ್ನು ಪರೀಕ್ಷಿಸಿದವನು ಬೇರೆ ಯಾರೂ ಅಲ್ಲ, ವಿರ್ಕೊ. ಚೂರಿನಲ್ಲಿ ಅರ್ಬುದ ಕಾಣಲಿಲ್ಲ. ಮುಂದಿನ ವಾರಗಳಲ್ಲಿ ಕಳುಹಿಸಿದ ಚೂರುಗಳಲ್ಲಿಯೂ ಕಾಣಲಿಲ್ಲ. ಶಸ್ತ್ರಚಿಕಿತ್ಸೆ ನಿಂತಿತು.

ನವೆಂಬರಿನ ಹೊತ್ತಿಗೆ ರೋಗವು ಯಾರಿಗೂ ಸಂದೇಹವಿಲ್ಲದಂತೆ ಹರಡಿದ್ದಿತು. ೧೮೮೮ರ ಫೆಬ್ರವರಿಯಲ್ಲಿ ಉಸಿರಾಟಕ್ಕಾಗಿ ಕೊರಳಿನಲ್ಲಿ ರಂಧ್ರವನ್ನು ಮಾಡಬೇಕಾಯಿತು. ಮಾರ್ಚಿ ೯ರಂದು ತಂದೆ ತೀರಿಕೊಂಡು, ಮಾತನಾಡಲಾರದ ಫ್ರೆಡರಿಕನು ಚಕ್ರವರ್ತಿಯಾದನು. ೯೯ ದಿನಗಳ ಕಾಲ ಆಳಿ ಜೂನ್ ೧೫ರಂದು ಮಡಿದನು. ಮರುದಿನ ಶವಪರೀಕ್ಷೆಯು ಅರ್ಬುದವನ್ನು ಖಚಿತಪಡಿಸಿತು. ಆ ಕಾಲದ ಶಸ್ತ್ರಚಿಕಿತ್ಸೆಯು ಅವನನ್ನು ಉಳಿಸುತ್ತಿತ್ತೆಂದು ಹೇಳಲಾಗದು. ಆದರೆ ನಿರ್ಣಯವು ತಪ್ಪಿದ್ದಿತೆಂಬುದರಲ್ಲಿ ಸಂದೇಹವಿಲ್ಲ.

ವಿರ್ಕೊ ತಪ್ಪಿದನೆ? ತಾನು ನೋಡಿದ ಚೂರಿನ ವಿಷಯದಲ್ಲಿ ಆತನು ತಪ್ಪಲಿಲ್ಲವೆಂದೇ ಅನೇಕರ ಅಭಿಪ್ರಾಯ. ಚೂರಿನ ಕುರಿತ ತೀರ್ಪನ್ನು ಇಡೀ ರೋಗಕ್ಕೆ ಅನ್ವಯಿಸಲಾಗದೆಂಬ ಎಚ್ಚರಿಕೆಯನ್ನೂ ತನ್ನ ವರದಿಯಲ್ಲಿ ಸೂಚಿಸಿದ್ದನು. ಕೇಳಿದವರು ತೀರ್ಪನ್ನು ಹಿಡಿದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು.

ಒಂದು ಚಿಕ್ಕ ಲೆಕ್ಕ

ಇಲ್ಲಿ ವಿದ್ಯಾರ್ಥಿಗಳು ಪೆನ್ಸಿಲನ್ನು ಕೈಗೆ ತೆಗೆದುಕೊಳ್ಳಬಹುದು. ೨ ಸೆಂಟಿಮೀಟರು ವ್ಯಾಸದ ಗುಂಡನೆಯ ಗಡ್ಡೆಯೊಂದನ್ನು ಕಲ್ಪಿಸಿಕೊಳ್ಳಿ. ಅದರ ಗಾತ್ರ ಸುಮಾರು ೪,೨೦೦ ಘನ ಮಿಲಿಮೀಟರು. ಅದರಿಂದ ಎಳ್ಳಿನಷ್ಟು, ಎಂದರೆ ಅಂಚು ೨ ಮಿಲಿಮೀಟರು ಇರುವ ಘನವನ್ನು ತೆಗೆದರೆ ೮ ಘನ ಮಿಲಿಮೀಟರಾಯಿತು. ಗಡ್ಡೆಯ ಸುಮಾರು ೫೦೦ರಲ್ಲೊಂದು ಪಾಲು. ಆ ಚೂರನ್ನು ೫ ಮೈಕ್ರಾನಿನ ಹಾಳೆಗಳಾಗಿ ಕೊಯ್ದರೆ ೪೦೦ ಹಾಳೆಗಳಾಗುತ್ತವೆ. ಒಂದು ಹಾಳೆಯನ್ನು ನೋಡುವವನು ಗಡ್ಡೆಯ ಎರಡು ಲಕ್ಷದಲ್ಲೊಂದು ಪಾಲನ್ನು ನೋಡಿದಂತಾಯಿತು!

ಅನ್ನ ಬೆಂದಿದೆಯೆ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡಿದರೆ ಸಾಕು ಎನ್ನುತ್ತೇವೆ. ಪಾತ್ರೆಯೆಲ್ಲ ಸಮವಾಗಿ ಬೆಂದಿದ್ದರೆ ಮಾತ್ರ ಆ ಮಾತು ಸರಿ. ಗಡ್ಡೆಯು ಅಂತಹ ಪಾತ್ರೆಯಲ್ಲ. ಮೇಲ್ಭಾಗದಲ್ಲಿ ದಪ್ಪನಾದ ಚರ್ಮದಂತೆ ನಿರಪಾಯವಾಗಿ ಕಂಡು, ಬುಡದಲ್ಲಿ ಮಾತ್ರ ಪಕ್ಕದ ಊತಕವನ್ನು ಭೇದಿಸಿ ನುಗ್ಗುತ್ತಿರಬಹುದು. ಹೀಗೆ ನುಗ್ಗುವುದೇ ಅರ್ಬುದದ ಮುಖ್ಯ ಗುರುತಾದುದರಿಂದ, ಮೇಲಿನಿಂದ ಕಿತ್ತ ಚೂರಿನಲ್ಲಿ ಅದು ಕಾಣದೆ ಹೋಗಬಹುದು. ಇದರಿಂದ ಒಂದು ನಿಯಮ ಹೊರಡುತ್ತದೆ: ಚೂರಿನಲ್ಲಿ ರೋಗ ಕಂಡಿತೆಂದರೆ ಆ ಸಾಕ್ಷ್ಯಕ್ಕೆ ತೂಕ ಬಹಳ, ಕಾಣಲಿಲ್ಲವೆಂದರೆ ಆ ಚೂರಿನಲ್ಲಿ ಇಲ್ಲವೆಂದು ಮಾತ್ರ ಅರ್ಥ. ರೋಗಿಯ ಲಕ್ಷಣಗಳಿಗೂ ಚೂರಿನ ವರದಿಗೂ ಹೊಂದಿಕೆಯಾಗದಿದ್ದರೆ ಮತ್ತೊಮ್ಮೆ, ಇನ್ನೂ ಆಳದಿಂದ ತೆಗೆದು ನೋಡಬೇಕು.

ಇದರ ವಿರುದ್ಧವಾದ ಅಪಾಯವೂ ಉಂಟು. ಮುರಿದ ಮೂಳೆ ಕೂಡಿಕೊಳ್ಳುವಾಗ ಅಲ್ಲಿ ಹೊಸ ಕೋಶಗಳು ಅವಸರದಿಂದ ಹುಟ್ಟಿ ಎಳೆಯ ಮೂಳೆಯನ್ನು ಕಟ್ಟುತ್ತಿರುತ್ತವೆ. ಆ ಚಿತ್ರವನ್ನಷ್ಟೇ ನೋಡಿದರೆ ಮೂಳೆಯ ಅರ್ಬುದವೆಂದು ಭ್ರಮಿಸಬಹುದು. ಮೂರು ವಾರಗಳ ಹಿಂದೆ ಹುಡುಗನು ಮರದಿಂದ ಬಿದ್ದನೆಂಬ ಒಂದು ಸಾಲಿನ ವಿವರ ಮತ್ತು ಕ್ಷ-ಕಿರಣದ ಚಿತ್ರ ಜೊತೆಗಿದ್ದರೆ ಭ್ರಮೆ ಕಳೆಯುತ್ತದೆ. ಆದುದರಿಂದಲೇ ಚೂರಿನ ಜೊತೆಗೆ ಕಳುಹಿಸುವ ಚೀಟಿಯಲ್ಲಿ ರೋಗಿಯ ವಯಸ್ಸು, ಚೂರನ್ನು ತೆಗೆದ ಸ್ಥಳ, ರೋಗದ ಪೂರ್ವಕಥೆ ಇವನ್ನು ಬರೆಯಲೇಬೇಕು. ಚೀಟಿಯನ್ನು ಖಾಲಿ ಬಿಟ್ಟು ಕಳುಹಿಸುವುದು, ಏಕಮಾನವನ್ನು ಬರೆಯದೆ ಅಂಕಿಯನ್ನು ಮಾತ್ರ ಬರೆದ ವಿದ್ಯಾರ್ಥಿಯ ಉತ್ತರದಂತೆ.

ಭಯದ ಮಾತು

ಚಾಕು ತಾಕಿದರೆ ಗಂಟು ಕೆರಳುತ್ತದೆಂಬ ಭಯವು ನಮ್ಮಲ್ಲಿ ಬಹು ವ್ಯಾಪಕವಾಗಿದೆ. ಚೂರನ್ನು ತೆಗೆಯುವುದರಿಂದ ನಿರಪಾಯವಾದ ಗಂಟು ಅರ್ಬುದವಾಗಿ ಮಾರ್ಪಡುವುದಿಲ್ಲ. ಸೂಜಿ ಸಾಗಿದ ದಾರಿಯಲ್ಲಿ ರೋಗದ ಕೋಶಗಳು ಹರಡುವುದು ತೀರ ಅಪರೂಪ. ಅಂತಹ ಸಾಧ್ಯತೆಯಿರುವ ಕೆಲವು ಗಡ್ಡೆಗಳಲ್ಲಿ ಎಲ್ಲಿಂದ, ಹೇಗೆ ತೆಗೆಯಬೇಕೆಂಬುದನ್ನು ವೈದ್ಯರು ಮುಂಚಿತವಾಗಿಯೇ ಯೋಚಿಸಿರುತ್ತಾರೆ. ಪರೀಕ್ಷೆಗೆ ಅಂಜಿ ಕಳೆದ ತಿಂಗಳುಗಳಲ್ಲಿ ರೋಗವು ತಾನಾಗಿಯೇ ಬೆಳೆದಿರುತ್ತದೆ. ಬಳಿಕ ಅಪವಾದ ಬರುವುದು ಚಾಕುವಿಗೆ. ಹೊಗೆಸೊಪ್ಪು ಜಗಿಯುವ ಅಭ್ಯಾಸವಿರುವ ನಮ್ಮ ಹಳ್ಳಿ ಪಟ್ಟಣಗಳಲ್ಲಿ ಬಾಯಿಯ ಹುಣ್ಣುಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಸಲ್ಲುತ್ತದೆ. ಎರಡು ಮೂರು ವಾರಗಳಲ್ಲಿ ಮಾಯದ ಬಾಯಿಹುಣ್ಣನ್ನು ವೈದ್ಯರಿಗೆ ತೋರಿಸಲೇಬೇಕು. ಅವರು ಚೂರು ಬೇಕೆಂದರೆ ಹಿಂಜರಿಯಬಾರದು.

ನಮ್ಮ ವಿದ್ಯಾರ್ಥಿಯ ಮನೆಯವರು ಕಡೆಗೆ ಒಪ್ಪಿದರು. ಗಂಟಿನ ಚೂರಿನಲ್ಲಿ ಕುದುರೆಲಾಳದಂತಹ ದೈತ್ಯಕೋಶಗಳೂ ಹಾಲುಗಿಣ್ಣಿನಂತಹ ಊತಕವೂ ಕಂಡುವು, ಕ್ಷಯವೆಂದು ಗೊತ್ತಾಯಿತು. ಸರಕಾರದ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ ಔಷಧವನ್ನು ಆರು ತಿಂಗಳ ಕಾಲ ಒಂದು ದಿನವೂ ತಪ್ಪದೆ ಸೇವಿಸಿದನು. ಗಂಟು ಕರಗಿತು. ಮರುವರ್ಷ ಪ್ರಯೋಗಶಾಲೆಯಲ್ಲಿ ಸೂಕ್ಷ್ಮದರ್ಶಕದ ಪಾಠ ಬಂದಾಗ ಆತನು ಎಲ್ಲರಿಗಿಂತ ಮೊದಲು ಬಂದು ಮಸೂರವನ್ನು ಒರೆಸುತ್ತಿದ್ದನು. ಅಳತೆಯನ್ನು ಎಷ್ಟು ಸಲ ತೆಗೆದುಕೊಳ್ಳಬೇಕೆಂದು ಕೇಳಿದನು. ಒಂದು ಸಲ ಸಾಲದು ಎಂದೆನು. ಅದು ತನಗೆ ಗೊತ್ತಿದೆ ಎಂದು ನಕ್ಕನು.